ಲೇಕ್ ದಡದಲ್ಲಿ ಹೊಸ ಮನೆ: ಮಿನೆಸೋಟದಲ್ಲಿ ಸೆಟ್‌ಬ್ಯಾಕ್ ವೇರಿಯೆನ್ಸ್ ಸಿಗುತ್ತಾ?

ದಡದಮನೆ

ಎಲ್ಲರಿಗೂ ನಮಸ್ಕಾರ. ಮಿನೆಸೋಟ, ವಿಸ್ಕಾನ್ಸಿನ್ ಕಡೆ ಲೇಕ್ ದಡದಲ್ಲಿ ಮನೆ ಕಟ್ಟಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಸ್ವಲ್ಪ ದಾರಿ ತೋರಿಸಿ.

ಟ್ವಿನ್ ಸಿಟೀಸ್‌ನಿಂದ ಉತ್ತರಕ್ಕೆ ಹೋದರೆ ಸಿಗುವ ಒಂದು ಲೇಕ್‌ನಲ್ಲಿ ನಾವು ಹಳೇ ಕ್ಯಾಬಿನ್ ಕೊಂಡಿದ್ದೇವೆ. 1950ರ ದಶಕದ್ದು. 24 ಅಡಿಗೆ 30 ಅಡಿ, ಅಷ್ಟೇ. ಗೋಡೆಯಲ್ಲಿ ಇನ್ಸುಲೇಶನ್ ಇಲ್ಲ, ಸಿಮೆಂಟ್ ಬ್ಲಾಕ್ ಮೇಲೆ ನಿಂತಿದೆ. ಅಕ್ಟೋಬರ್ ಬಂತೆಂದರೆ ಪೈಪಿನ ನೀರೆಲ್ಲ ಖಾಲಿ ಮಾಡಿ ಬೀಗ ಹಾಕಿ ಬರಬೇಕು. ಇದನ್ನು ಕೆಡವಿ ವರ್ಷಪೂರ್ತಿ ಇರುವಂಥ ಮನೆ ಕಟ್ಟಬೇಕು ಎಂದು ಆಸೆ. ಊರಿಂದ ಅತ್ತೆ ಮಾವ ಬಂದಾಗ ಅವರಿಗೂ ಕೆಳಗೇ ಒಂದು ಕೋಣೆ ಬೇಕು.

ಸೈಟ್ ವಿವರ: ದಡದ ಕಡೆ ಅಗಲ 75 ಅಡಿ, ಉದ್ದ 200 ಅಡಿ, ಒಟ್ಟು 15,000 ಚದರ ಅಡಿ. ಒಳಚರಂಡಿ ಇಲ್ಲ, ಸೆಪ್ಟಿಕ್. ಈಗಿನ ಕ್ಯಾಬಿನ್ ನೀರಿನಿಂದ 42 ಅಡಿ ದೂರದಲ್ಲಿದೆ. ಕೌಂಟಿಯವರು (ಇಲ್ಲಿನ ಸ್ಥಳೀಯ ಆಡಳಿತ) ನೀರಿನಿಂದ 100 ಅಡಿ ಸೆಟ್‌ಬ್ಯಾಕ್, ಅಂದರೆ ಖಾಲಿ ಜಾಗ, ಬಿಡಬೇಕು ಎನ್ನುತ್ತಾರೆ. ನಮ್ಮ ಬಿಲ್ಡರ್ ಮಾತ್ರ "ವೇರಿಯೆನ್ಸ್ ಹಾಕಿ, ಎಲ್ಲರೂ ಹಾಕ್ತಾರೆ, ಸಿಗುತ್ತೆ" ಅನ್ನುತ್ತಾನೆ. ವೇರಿಯೆನ್ಸ್ ಅಂದರೆ ನಿಯಮದಿಂದ ವಿನಾಯಿತಿ. ಅವನ ಪ್ಲಾನ್‌ನಲ್ಲಿ ಮನೆ 1,800 ಚದರ ಅಡಿ, ಗ್ಯಾರೇಜ್ 720, ಡ್ರೈವ್‌ವೇ 1,500, ಪೇಟಿಯೊ, ಕಾಲುದಾರಿ ಎಲ್ಲ ಸೇರಿ 630. ನೀರಿನಿಂದ 50 ಅಡಿಗೆ ಮನೆ.

ಇದು ಸಿಗುವಂಥದ್ದಾ? ಲಾಯರ್ ಬೇಕಾ? ಅಕ್ಕಪಕ್ಕದವರ ಹತ್ತಿರ ಮೊದಲೇ ಮಾತಾಡಬೇಕಾ?

ಕಾಫಿಪುಡಿ

ಸ್ವಂತ ದುಡ್ಡು, ಸ್ವಂತ ಜಾಗ, ಮನೆ ಕಟ್ಟೋಕೆ ಇನ್ನೊಬ್ಬರ ಅಪ್ಪಣೆ. ಚೆನ್ನಾಗಿದೆ ನಿಮ್ಮ ಅಮೆರಿಕ.

ಸುಳ್ಯದ_ಭಟ್ಟ

ಕಾಫಿಪುಡಿ ಅವರೇ, ಜಾಗ ಅವರದ್ದು, ನೀರು ಅವರದ್ದಲ್ಲ. ಅಲ್ಲಿಂದಲೇ ಎಲ್ಲ ಶುರುವಾಗೋದು.

ಮೇಡಂ, ನಾನು ಇಲ್ಲಿನ ಒಂದು ಕೌಂಟಿಯ ಬೋರ್ಡ್ ಆಫ್ ಅಡ್ಜಸ್ಟ್‌ಮೆಂಟ್‌ನಲ್ಲಿ ಕೆಲವು ವರ್ಷ ಇದ್ದೆ. ವೇರಿಯೆನ್ಸ್ ಕೊಡೋದು, ಬಿಡೋದು ಆ ಬೋರ್ಡ್‌ನ ಕೆಲಸ. ಮೇಜಿನ ಆ ಕಡೆ ಕೂತವನ ಮಾತು ಅಂತ ಕೇಳಿ.

100 ಅಡಿ ಅಂದರೆ ನಿಮ್ಮದು ರಿಕ್ರಿಯೇಷನಲ್ ಡೆವಲಪ್‌ಮೆಂಟ್ ಲೇಕ್. ರಾಜ್ಯದ ನಿಯಮದಲ್ಲಿ ಲೇಕ್‌ಗಳಿಗೆ ಮೂರು ವರ್ಗ. ಒಳಚರಂಡಿ ಇಲ್ಲದ ಕಡೆ ನ್ಯಾಚುರಲ್ ಎನ್ವಿರಾನ್ಮೆಂಟ್ ಲೇಕ್‌ಗೆ 150 ಅಡಿ, ನಿಮ್ಮಂಥದ್ದಕ್ಕೆ 100, ಜನರಲ್ ಡೆವಲಪ್‌ಮೆಂಟ್‌ಗೆ 75. ಇದು ಕನಿಷ್ಠ. ಕೌಂಟಿ ಇನ್ನೂ ಬಿಗಿ ಮಾಡಬಹುದು. ಅದೇ ನಿಯಮದ ಪ್ರಕಾರ ನಿಮ್ಮ ಥರದ ಲೇಕ್‌ನಲ್ಲಿ ಹೊಸ ಸೈಟ್ ಮಾಡಬೇಕೆಂದರೆ 150 ಅಡಿ ಅಗಲ, 40,000 ಚದರ ಅಡಿ ಬೇಕು. ನಿಮ್ಮದು ಅಗಲದಲ್ಲಿ ಅರ್ಧ, ಒಟ್ಟು ಜಾಗದಲ್ಲಿ ಅರ್ಧಕ್ಕಿಂತ ಕಡಿಮೆ. ಹೆದರಬೇಡಿ. ಈ ಚಿಕ್ಕ ಸೈಟೇ ನಿಮ್ಮ ಕೇಸ್‌ನ ಜೀವಾಳ.

ಬಿಲ್ಡರ್ ಲೆಕ್ಕ ಕೂಡಿಸಿ ನೋಡಿದೆ. 4,650 ಚದರ ಅಡಿ, ಅಂದರೆ ಸೈಟಿನ 31%. ನೀರು ಇಂಗದ ಜಾಗ, ಅಂದರೆ ಚಾವಣಿ, ಕಾಂಕ್ರೀಟ್, ಡ್ರೈವ್‌ವೇ ಎಲ್ಲ ಸೇರಿ 25% ದಾಟಬಾರದು. ನಿಮಗೆ 3,750. ಹಾಗಾಗಿ ಅವನು ನಿಮ್ಮಿಂದ ಎರಡು ವೇರಿಯೆನ್ಸ್ ಕೇಳಿಸುತ್ತಿದ್ದಾನೆ. ನಾನು ಬೋರ್ಡ್‌ನಲ್ಲಿ ಇದ್ದಿದ್ದರೆ ಎರಡನೆಯದಕ್ಕೆ ನೇರವಾಗಿ ಇಲ್ಲ ಅನ್ನುತ್ತಿದ್ದೆ. ಡ್ರೈವ್‌ವೇ ಅಷ್ಟು ದೊಡ್ಡದಿರಬೇಕು ಎಂದು ಸೈಟ್ ಹೇಳುತ್ತಿಲ್ಲ, ಬಿಲ್ಡರ್ ಹೇಳುತ್ತಿದ್ದಾನೆ.

ಕಾನೂನಿನಲ್ಲಿರುವ ಮಾತು "ಪ್ರಾಕ್ಟಿಕಲ್ ಡಿಫಿಕಲ್ಟೀಸ್". ಅದಕ್ಕೆ ಮೂರು ಕಾಲು. ನೀವು ಕೇಳುತ್ತಿರುವ ಬಳಕೆ ನ್ಯಾಯವಾಗಿರಬೇಕು. ತೊಂದರೆ ಆ ಜಾಗದ್ದೇ ಆಗಿರಬೇಕು, ನೀವು ಮಾಡಿಕೊಂಡದ್ದಾಗಿರಬಾರದು. ಕೊಟ್ಟರೆ ಆ ಪ್ರದೇಶದ ಸ್ವರೂಪ ಕೆಡಬಾರದು. ಇದರ ಮೇಲೆ, ಝೋನಿಂಗ್‌ನ (ಎಲ್ಲಿ ಏನು ಕಟ್ಟಬಹುದು ಅನ್ನುವ ನಿಯಮ) ಉದ್ದೇಶಕ್ಕೂ ಕೌಂಟಿಯ ಸಮಗ್ರ ಯೋಜನೆಗೂ ಹೊಂದಬೇಕು. ಮೂರರಲ್ಲಿ ಒಂದು ಮುರಿದರೂ ಅರ್ಜಿ ನಿಲ್ಲಲ್ಲ. ಬರೀ ದುಡ್ಡಿನ ಕಾರಣ ನಡೆಯಲ್ಲ ಎಂದು ಕಾನೂನಿನಲ್ಲೇ ಬರೆದಿದೆ. ಆದರೆ ಸೋಲಾರ್‌ಗೆ ಬಿಸಿಲು ಸಾಲದು ಅನ್ನೋದು ನ್ಯಾಯವಾದ ತೊಂದರೆ ಎಂದೂ ಬರೆದಿದೆ! ಜನವರಿಯಲ್ಲಿ ಇಲ್ಲಿ ಇದ್ದವರಿಗೆ ಅದು ಓದಿ ನಗು ಬರುತ್ತದೆ.

"ಅತ್ತೆ ಮಾವ ಬರ್ತಾರೆ, ಕೋಣೆ ಬೇಕು" ಅನ್ನೋದನ್ನು ದಯವಿಟ್ಟು ಅರ್ಜಿಯಲ್ಲಿ ಬರೆಯಬೇಡಿ. ತಪ್ಪು ಎಂದಲ್ಲ. ಆದರೆ ಅದು ನಿಮ್ಮ ಸಂಸಾರದ ವಿಷಯ, ಜಾಗದ ವಿಷಯ ಅಲ್ಲ. ನಾಳೆ ನೀವು ಮನೆ ಮಾರಿ ಹೋದರೂ ವೇರಿಯೆನ್ಸ್ ಆ ಜಾಗದ ಜೊತೆಗೇ ಇರುತ್ತದೆ. ಹಾಗಾಗಿ ಬೋರ್ಡ್ ನೋಡೋದು ನೆಲವನ್ನು. ಮಣ್ಣು ಹೇಗಿದೆ, ಇಳಿಜಾರು ಎಲ್ಲಿದೆ, ಸೆಪ್ಟಿಕ್ ಎಲ್ಲಿ ಕೂರುತ್ತದೆ, ರಸ್ತೆ ಎಷ್ಟು ದೂರ. ನಿಮ್ಮ ಅರ್ಜಿಯಲ್ಲಿ "ನಾವು" ಕಡಿಮೆ ಇರಲಿ, "ಸೈಟ್" ಜಾಸ್ತಿ ಇರಲಿ.

ದಡದಮನೆ

ಭಟ್ಟರೇ, ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ಇದ್ದ ಜಾಗದಲ್ಲೇ, 42 ಅಡಿಯಲ್ಲೇ ಕಟ್ಟಿಕೊಂಡರೆ ಏನೂ ಕೇಳಬೇಕಾಗಿಲ್ಲ ಅಂತ ಪಕ್ಕದವರು ಹೇಳಿದರು. ನಿಜಾನಾ? ಇನ್ನೊಂದು, ನಿಯಮ ಗೊತ್ತಿದ್ದೇ ಕೊಂಡೆವಲ್ಲ, ಅದು ನಾವೇ ಮಾಡಿಕೊಂಡ ತೊಂದರೆ ಅನ್ನಿಸಲ್ವಾ?

ಸುಳ್ಯದ_ಭಟ್ಟ

ಎರಡನೆಯದು ಮೊದಲು. ನಿಯಮ ಗೊತ್ತಿದ್ದು ಕೊಂಡಿದ್ದೊಂದೇ ಕಾರಣಕ್ಕೆ ಮಿನೆಸೋಟದಲ್ಲಿ ಬಾಗಿಲು ಮುಚ್ಚಲ್ಲ. ಸೈಟ್‌ನ ಅಗಲ ನೀವು ಕತ್ತರಿಸಿದ್ದಲ್ಲ, ನಿಯಮ ಬರುವ ಮೊದಲೇ ಯಾರೋ ಕತ್ತರಿಸಿದ್ದು.

ಮೊದಲನೆಯದು ಮುಕ್ಕಾಲು ನಿಜ. ನಿಯಮಕ್ಕೆ ಮೊದಲೇ ಇದ್ದ ಕಟ್ಟಡವನ್ನು ರಿಪೇರಿ ಮಾಡಬಹುದು, ಬದಲಿಸಿ ಕಟ್ಟಲೂಬಹುದು. ಹಿಗ್ಗಿಸುವಂತಿಲ್ಲ. ಪಾಯ ಅಷ್ಟೇ ಇಟ್ಟು ಮೇಲೆ ಇನ್ನೊಂದು ಅಂತಸ್ತು ಏರಿಸಿದರೂ ಎಷ್ಟೋ ಕೌಂಟಿಗಳು ಹಿಗ್ಗಿಸಿದ ಹಾಗೆ ಎನ್ನುತ್ತವೆ. ನಿಮ್ಮ ಕ್ಯಾಬಿನ್ 720 ಚದರ ಅಡಿ. ಅದರಲ್ಲಿ ನಿಮಗೆ ಬೇಕಾದ ಮನೆ ಬರಲ್ಲ.

ಒಂದು ಎಚ್ಚರಿಕೆ. ಕೈಯಲ್ಲಿ ಪರ್ಮಿಟ್ ಇಲ್ಲದೆ ಆ ಕ್ಯಾಬಿನ್ ಕೆಡವಬೇಡಿ. ವರ್ಷಕ್ಕಿಂತ ಜಾಸ್ತಿ ಬಳಕೆ ನಿಂತರೆ ಹಳೆಯ ಹಕ್ಕು ಹೋಗುತ್ತದೆ. ಬೆಂಕಿ ಬಿದ್ದು ಅರ್ಧಕ್ಕಿಂತ ಜಾಸ್ತಿ ಹಾಳಾದರೆ 180 ದಿನದೊಳಗೆ ಪರ್ಮಿಟ್‌ಗೆ ಅರ್ಜಿ ಹಾಕಬೇಕು. ನಿಮ್ಮ 42 ಅಡಿ ಬೇಕಾದ ದೂರದ ಅರ್ಧವೂ ಇಲ್ಲ. ಅಂಥ ಮನೆ ಬೆಂಕಿಗೆ ಹೋದರೆ, ಸಾಧ್ಯವಿದ್ದಷ್ಟು ಹಿಂದಕ್ಕೆ ಸರಿಸಿ ಕಟ್ಟಿ ಎಂದು ಹೇಳುವ ಅಧಿಕಾರ ಕೌಂಟಿಗಿದೆ.

ಆದರೆ ಆ 42 ಅಡಿಯೇ ನಿಮ್ಮ ಕೈಯಲ್ಲಿರುವ ಒಳ್ಳೆಯ ಎಲೆ. "ಸದ್ಯ ಇಷ್ಟು ಹತ್ತಿರ ಇದೆ, ನಾವು ಹಿಂದಕ್ಕೆ ಹೋಗುತ್ತೇವೆ, ಆದರೆ ಪೂರ್ತಿ 100ಕ್ಕೆ ಹೋಗಲು ಜಾಗ ಬಿಡುತ್ತಿಲ್ಲ" ಅಂತ ಹೇಳಿ ನೋಡಿ. ಬೋರ್ಡ್ ಕಿವಿ ಕೊಡುತ್ತದೆ.

ಗೂಟ_ಹಗ್ಗ

ನಾನು ಸರ್ವೆ ಕೆಲಸದವನು, ಮಿನೆಸೋಟದಲ್ಲೇ. ಅಕ್ಕಾ, 42 ಅಡಿ ಅಂದಿರಲ್ಲ, ಅದನ್ನು ಎಲ್ಲಿಂದ ಅಳೆದಿರಿ? ನೀರಿನ ಅಂಚಿಂದ ಟೇಪ್ ಹಿಡಿದಿದ್ದರೆ ಆ ಲೆಕ್ಕ ಬಿಟ್ಟುಬಿಡಿ. ಬರಗಾಲದ ವರ್ಷ ನೀರು ಹಿಂದೆ ಹೋಗಿರುತ್ತದೆ, ಮೇ ತಿಂಗಳಲ್ಲಿ ಮುಂದೆ ಬಂದಿರುತ್ತದೆ.

ಅಳೆಯಬೇಕಾದ್ದು ಆರ್ಡಿನರಿ ಹೈ ವಾಟರ್ ಲೆವೆಲ್‌ನಿಂದ. ಬಾಯಲ್ಲಿ ಎಲ್ಲರೂ ಓಎಚ್‌ಡಬ್ಲ್ಯೂ ಅನ್ನುತ್ತಾರೆ. ನೀರು ತುಂಬಾ ಕಾಲ ನಿಂತು ನೆಲದ ಮೇಲೆ ಗುರುತು ಬಿಟ್ಟ ಎತ್ತರ ಅದು. ದಡದಲ್ಲಿ ಕೂತು ನೋಡಿದರೆ ಕಾಣುತ್ತದೆ. ಕೆಳಗೆ ಆಪು, ಜೊಂಡು. ಸ್ವಲ್ಪ ಮೇಲೆ ಬಂದರೆ ಅದು ನಿಂತು ನೆಲದ ಹುಲ್ಲು, ಪೊದೆ ಶುರು. ಹಳೇ ಮರ ಇದ್ದರೆ ಬೇರಿನ ಬುಡದಲ್ಲಿ ಮಣ್ಣು ಕೊಚ್ಚಿಹೋಗಿ ಒಂದು ಗೆರೆ ಇರುತ್ತದೆ. ಚಳಿಗಾಲದ ಐಸ್ ಉಬ್ಬಿ ದಡವನ್ನು ತಳ್ಳಿ ದಿಣ್ಣೆ ಮಾಡಿದ್ದರೆ ಅದನ್ನು ನೋಡಿ ಮೋಸ ಹೋಗಬಾರದು. ಸುಮಾರು ಲೇಕ್‌ಗಳಿಗೆ ರಾಜ್ಯದ ಡಿಎನ್‌ಆರ್‌ನವರು (ನೈಸರ್ಗಿಕ ಸಂಪನ್ಮೂಲ ಇಲಾಖೆ) ಈ ಎತ್ತರವನ್ನು ಅಳೆದು ದಾಖಲೆ ಮಾಡಿದ್ದಾರೆ. ಅವರ ಲೇಕ್‌ಫೈಂಡರ್‌ನಲ್ಲಿ ನಿಮ್ಮ ಲೇಕ್ ಹೆಸರು ಹಾಕಿ ನೋಡಿ. ಇದ್ದರೆ ನಮ್ಮ ಕೆಲಸ ಸುಲಭ. ಆ ಎತ್ತರವನ್ನು ನಿಮ್ಮ ಸೈಟಿಗೆ ತಂದು ಗೂಟ ಹೊಡೆಯೋದಷ್ಟೇ.

ಇಳಿಜಾರೂ ನೋಡಿಸಿ. ದಡ ಕಡಿದಾಗಿದ್ದು ಬ್ಲಫ್ ಅಂತ ಲೆಕ್ಕಕ್ಕೆ ಬಂದರೆ ಅದರ ಮೇಲಂಚಿನಿಂದ ಇನ್ನೊಂದು 30 ಅಡಿ ಬಿಡಬೇಕು.

ಇನ್ನೂ ಒಂದು. ನಿಮ್ಮ ಎರಡೂ ಪಕ್ಕದ ಮನೆಗಳು ಎಷ್ಟು ದೂರದಲ್ಲಿವೆ? ಎರಡೂ ಕಡೆ ಹಳೇ ಮನೆಗಳು ಮುಂದೆ ಇದ್ದರೆ, ಅವುಗಳ ಸಾಲಿಗೆ ನಿಮ್ಮ ಮನೆ ನಿಲ್ಲಿಸಲು ಎಷ್ಟೋ ಕಡೆ ವೇರಿಯೆನ್ಸೇ ಬೇಡ. ಆದರೆ ಶೋರ್ ಇಂಪ್ಯಾಕ್ಟ್ ಝೋನ್ ಒಳಗೆ ಮಾತ್ರ ಬರುವಂತಿಲ್ಲ. ನಿಮ್ಮ ಲೇಕ್‌ಗೆ ಅದು ಮೊದಲ 50 ಅಡಿ.

ದಡದಮನೆ

ಎಡಗಡೆ ಖಾಲಿ ಸೈಟ್. ಬಲಗಡೆ ಮನೆ 48 ಅಡಿಯಲ್ಲಿದೆ.

ಗೂಟ_ಹಗ್ಗ

ಹಾಗಾದರೆ ಆ ದಾರಿ ಮುಚ್ಚಿತು. ಎರಡೂ ಕಡೆ ಕಟ್ಟಡ ಇರಬೇಕು. ಭಟ್ಟರ ದಾರಿಯೇ ಗತಿ.

ಸೆಪ್ಟಿಕ್ ಡಿಸೈನರ್‌ನ ಈಗಲೇ ಕರೆಸಿ. ಮನೆ ಪ್ಲಾನ್‌ಗಿಂತ ಮೊದಲು. ಬಿಲ್ಡರ್‌ಗಳು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ, ಆಮೇಲೆ ಎಲ್ಲ ಅಳಿಸಿ ಬರೆಯಬೇಕಾಗುತ್ತದೆ. ಡ್ರೈನ್‌ಫೀಲ್ಡ್‌ನ (ಸೆಪ್ಟಿಕ್ ನೀರು ಇಂಗುವ ಜಾಗ) ತಳಕ್ಕೂ ಮಣ್ಣಿನಲ್ಲಿ ನೀರು ನಿಲ್ಲುವ ಮಟ್ಟಕ್ಕೂ ನಡುವೆ 3 ಅಡಿ ಒಣ ಮಣ್ಣು ಇರಬೇಕು. ಲೇಕ್ ಪಕ್ಕ ಅಷ್ಟು ಸಿಗೋದು ಕಷ್ಟ. ಸಿಗದಿದ್ದರೆ ಮರಳು ತಂದು ಗುಡ್ಡೆ ಹಾಕಿ ಮೌಂಡ್ ಮಾಡಬೇಕು. ಮೌಂಡ್ ಜಾಗ ತಿನ್ನುತ್ತದೆ. ಅದರ ಮೇಲೆ ಕಾರು ಓಡಿಸುವಂತಿಲ್ಲ, ಮನೆಯಿಂದ 20 ಅಡಿ, ಬೇಲಿಯಿಂದ 10 ಅಡಿ, ಕೊಳವೆಬಾವಿಯಿಂದ 50 ಅಡಿ, ನಿಮ್ಮ ಥರದ ಲೇಕ್‌ನಿಂದ 75 ಅಡಿ ದೂರ ಇರಬೇಕು. ಇಷ್ಟನ್ನೂ 75 ಅಡಿ ಅಗಲದ ಸೈಟಿನ ಮೇಲೆ ಬರೆದು ನೋಡಿ. ಮನೆ ಎಲ್ಲಿ ಕೂರಬೇಕು ಅನ್ನೋದನ್ನು ಸೆಪ್ಟಿಕ್ಕೇ ಹೇಳುತ್ತದೆ.

ಎದುರು_ದಡ

ನಾನು ಸ್ವಲ್ಪ ಉಲ್ಟಾ ಮಾತಾಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾವೂ ಲೇಕ್ ಮೇಲೇ ಇದ್ದೇವೆ. ಹೋದ ವರ್ಷ ನಮ್ಮ ಪಕ್ಕದವರೊಬ್ಬರ ವೇರಿಯೆನ್ಸ್ ವಿರುದ್ಧ ಪತ್ರ ಬರೆದವನು ನಾನು. ಮನೆ ಬೇಡ ಅಂತಲ್ಲ. ಎಲ್ಲರೂ "ನಮ್ಮದೊಂದೇ ಅಲ್ವಾ, ಸ್ವಲ್ಪವೇ ಅಲ್ವಾ" ಅನ್ನುತ್ತಾರೆ. ಒಬ್ಬೊಬ್ಬರದೂ ಸ್ವಲ್ಪವೇ. ದಡದ ಸುತ್ತ ಎಷ್ಟು ಮನೆ ಇವೆ ಎಣಿಸಿ.

ಚಾವಣಿಗೆ ಬಿದ್ದ ಮಳೆ ಮೊದಲು ಹುಲ್ಲು, ಪೊದೆ, ಮರದ ಬೇರು ದಾಟಿ ಲೇಕ್‌ಗೆ ಬರುತ್ತಿತ್ತು. ದಡ ಬೋಳಿಸಿ ಲಾನ್ ಮಾಡಿ, ಕಾಂಕ್ರೀಟ್ ಹಾಸಿದರೆ ನೇರ ಬರುತ್ತದೆ, ಜೊತೆಗೆ ಮಣ್ಣು, ಎಲೆ, ಗೊಬ್ಬರ, ರಂಜಕ ಎಲ್ಲ ಬರುತ್ತದೆ. ಒಂದು ಪೌಂಡ್ ರಂಜಕ 500 ಪೌಂಡ್‌ವರೆಗೆ ಪಾಚಿ ಬೆಳೆಸಬಲ್ಲದು ಎಂದು ಇಲ್ಲಿ ಮಕ್ಕಳಿಗೂ ಹೇಳಿಕೊಡುತ್ತಾರೆ. ಲಾನ್‌ಗೆ ಹಾಕುವ ಗೊಬ್ಬರದಲ್ಲಿ ರಂಜಕ ಬೇಡ ಎಂದು ಈ ರಾಜ್ಯ ಸುಮ್ನೆ ಕಾನೂನು ಮಾಡಿಲ್ಲ. 2005ರಿಂದ ಇಡೀ ರಾಜ್ಯದಲ್ಲಿದೆ. ಆಗಸ್ಟ್‌ನಲ್ಲಿ ನಮ್ಮ ಕೊಲ್ಲಿಯ ನೀರು ಹೆಸರುಬೇಳೆ ಪಾಯಸದ ಬಣ್ಣಕ್ಕೆ ತಿರುಗುತ್ತದೆ. ನಾಯಿಯನ್ನೂ ನೀರಿಗೆ ಬಿಡಲ್ಲ ನಾವು.

ನೀವು 50 ಅಡಿಗೆ ಅರ್ಜಿ ಹಾಕಿ ನನಗೆ ನೋಟಿಸ್ ಬಂದಿದ್ದರೆ ನಾನು ಖಂಡಿತ ವಿರೋಧ ಮಾಡುತ್ತಿದ್ದೆ.

ದಡದಮನೆ

ಬೇಜಾರಿಲ್ಲ, ಹೇಳಿದ್ದು ಒಳ್ಳೆಯದಾಯಿತು. ಒಂದು ಕೇಳ್ತೀನಿ. ಎಷ್ಟಕ್ಕೆ ಹಾಕಿದ್ದರೆ ಪತ್ರ ಬರೆಯುತ್ತಿರಲಿಲ್ಲ?

ಎದುರು_ದಡ

ಅಂಕಿ ಹೇಳಲ್ಲ. ಈಗಿರೋದಕ್ಕಿಂತ ಹಿಂದೆ ಹೋಗಬೇಕು, ಮೊದಲ 50 ಅಡಿಯಲ್ಲಿ ಏನೂ ಇರಬಾರದು, ಚಾವಣಿ ನೀರು ಎಲ್ಲಿ ಇಂಗುತ್ತೆ ಎಂದು ತೋರಿಸಬೇಕು. ಇಷ್ಟು ಮಾಡಿದ್ದರೆ ನಾನು ಬೆಂಬಲದ ಪತ್ರವನ್ನೇ ಬರೆಯುತ್ತಿದ್ದೆ. ಹಳೇ ಕ್ಯಾಬಿನ್, ಹಳೇ ಸೆಪ್ಟಿಕ್ ಹೋಗೋದು ಲೇಕ್‌ಗೂ ಒಳ್ಳೆಯದೇ ಅಲ್ವಾ.

ಜಯನಗರ_4ನೇ_ಬ್ಲಾಕ್

ದೂರದಿಂದ ಓದುತ್ತಿದ್ದೇನೆ. ನಿಮ್ಮ 100 ಅಡಿ ಅಂದರೆ 30 ಮೀಟರ್ ಚಿಲ್ಲರೆ. ನಮ್ಮ ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್‌ನಲ್ಲೂ ಕೆರೆಗೆ ಅಷ್ಟೇ, 30 ಮೀಟರ್ ಬಫರ್. 2016ರಲ್ಲಿ ಹಸಿರು ನ್ಯಾಯಮಂಡಳಿ 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಕಾಗದದಲ್ಲಿ ಎರಡೂ ಕಡೆ ಒಂದೇ ಅಳತೆ ಇತ್ತು, ಕೆರೆಗಳ ಗತಿ ನೋಡಿ!

ನಮ್ಮಲ್ಲಿ ಮೊದಲು ಕಟ್ಟು, ಆಮೇಲೆ ಸಕ್ರಮ ಮಾಡಿಸು. ಆ ಅಕ್ರಮ-ಸಕ್ರಮಕ್ಕೂ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅಲ್ಲಿ ಕಟ್ಟಿ ಆದ ಮೇಲೆ ಕೇಳಿದರೆ ಏನು ಮಾಡುತ್ತಾರೆ?

ಸುಳ್ಯದ_ಭಟ್ಟ

ಕೇಳಬಹುದು. ಆಫ್ಟರ್ ದ ಫ್ಯಾಕ್ಟ್ ವೇರಿಯೆನ್ಸ್ ಅಂತಲೇ ಇದೆ. ಫೀಸ್ ಜಾಸ್ತಿ, ಮುಖ ಗಂಟು. ಕೊಡದಿದ್ದರೆ ಕಟ್ಟಿದ್ದನ್ನು ತೆಗೆಸುತ್ತಾರೆ. ಒಂದು ಡೆಕ್‌ನ ಮುಂದಿನ ಸಾಲನ್ನು ಗರಗಸದಿಂದ ಕತ್ತರಿಸಿ ತೆಗೆದದ್ದನ್ನು ನಾನೇ ನೋಡಿದ್ದೇನೆ. ಆಸಾಮಿ ಬೋರ್ಡ್ ಮುಂದೆ "ಬಿಲ್ಡರ್ ಹೇಳಿದ" ಅಂದ. ಬಿಲ್ಡರ್ ಆ ದಿನ ಬಂದೇ ಇರಲಿಲ್ಲ.

ಹಾಗೇ ಒಂದು ಹಳೇ ಕಥೆ ನೆನಪಾಯಿತು. 2011ರವರೆಗೆ ಇಲ್ಲಿನ ನಗರಗಳಲ್ಲಿ "ಅನ್‌ಡ್ಯೂ ಹಾರ್ಡ್‌ಶಿಪ್" ಎಂಬ ಅಳತೆ ಇತ್ತು. ಮಿನೆಟೊಂಕ ನಗರದಲ್ಲಿ ಒಬ್ಬರು ತಮ್ಮ ಗ್ಯಾರೇಜ್ ಮೇಲೆ ಯೋಗ ಮಾಡಲು ಒಂದು ಕೋಣೆ ಕಟ್ಟಬೇಕೆಂದರು. ನಗರ ವೇರಿಯೆನ್ಸ್ ಕೊಟ್ಟಿತು. ಪಕ್ಕದ ಮನೆಯವರು ಕೋರ್ಟ್‌ಗೆ ಹೋದರು. 2010ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು: ವೇರಿಯೆನ್ಸ್ ಇಲ್ಲದೆ ಆ ಆಸ್ತಿಯನ್ನು ನ್ಯಾಯವಾಗಿ ಬಳಸಲು ಆಗುವುದೇ ಇಲ್ಲ ಎಂದಿದ್ದರೆ ಮಾತ್ರ ಕೊಡಬಹುದು. ಅಷ್ಟು ಬಿಗಿ ಮಾಡಿದರೆ ಯಾರಿಗೂ ಏನೂ ಸಿಗಲ್ಲ. 2011ರಲ್ಲಿ ಶಾಸಕರು ಕಾನೂನು ಬದಲಿಸಿ ನಗರಕ್ಕೂ ಕೌಂಟಿಗೂ ಒಂದೇ ಅಳತೆ ತಂದರು. ಈಗ ನಾವು ಹೇಳುತ್ತಿರುವುದು ಅದನ್ನೇ. ಯೋಗದಿಂದ ಇಷ್ಟೊಂದು ಅಶಾಂತಿ ಬೇರೆಲ್ಲೂ ಆಗಿರಲಿಕ್ಕಿಲ್ಲ.

ಮ್ಯಾಡಿಸನ್_ಮಲ್ಲಿಗೆ

ವಿಸ್ಕಾನ್ಸಿನ್ ಲೆಕ್ಕ ಬೇರೆ, ಓದುವವರಿಗೆ ಗೊಂದಲ ಆಗಬಾರದು ಅಂತ ಹೇಳುತ್ತೇನೆ. ನಮ್ಮಲ್ಲಿ ಕೌಂಟಿ ವ್ಯಾಪ್ತಿಯ ದಡಕ್ಕೆ 75 ಅಡಿ. ನೀರು ಇಂಗದ ಜಾಗ 15%, ಪರಿಹಾರ ಕ್ರಮ ಮಾಡಿದರೆ 30%ವರೆಗೆ. 2015ರ ಕಾನೂನಿನಿಂದ ಕೌಂಟಿಗಳು ರಾಜ್ಯದ ಅಳತೆಗಿಂತ ಬಿಗಿ ಮಾಡುವಂತಿಲ್ಲ. ಮಿನೆಸೋಟದ ಸಲಹೆಯನ್ನು ಇಲ್ಲಿಗೆ ಹಾಗೇ ತರಬೇಡಿ.

ದಡದಮನೆ

ಸ್ವಲ್ಪ ತಡವಾಗಿ ಬರೆಯುತ್ತಿದ್ದೇನೆ. ಸರ್ವೆ ಆಯಿತು, ಮಣ್ಣು ಪರೀಕ್ಷೆಯೂ ಆಯಿತು. ಮೌಂಡೇ ಬೇಕಂತೆ. ಗೂಟ_ಹಗ್ಗ ಅವರು ಹೇಳಿದ ಹಾಗೆ ಸೆಪ್ಟಿಕ್ ಡಿಸೈನರ್ ಮೊದಲು ಮೌಂಡ್ ಬರೆದರು, ಉಳಿದ ಜಾಗದಲ್ಲಿ ಮನೆ ಬರೆದೆವು. 100 ಅಡಿಗೆ ಮನೆ ಇಟ್ಟರೆ ಹಿಂದೆ ಮೌಂಡೂ ಡ್ರೈವ್‌ವೇಯೂ ಒಟ್ಟಿಗೆ ಹಿಡಿಸುತ್ತಿಲ್ಲ. ಮನೆ ಮುಂದಕ್ಕೆ ತರುತ್ತಾ ಹೋದರೆ 72 ಅಡಿಯಲ್ಲಿ ಎಲ್ಲ ಕೂರುತ್ತದೆ. ಡಿಸೈನರ್ ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಟ್ಟಿದ್ದಾರೆ.

ಗ್ಯಾರೇಜ್ ಬೇರೆ ಕಟ್ಟೋದು ಬಿಟ್ಟೆವು, ಮನೆಗೇ ಒಂದು ಕಾರಿನದ್ದು ಸೇರಿಸಿದ್ದೇವೆ. ಈಗ ಪಾಯ 1,900, ಡ್ರೈವ್‌ವೇ 1,100, ಕಾಲುದಾರಿ ಇತ್ಯಾದಿ 400. ಒಟ್ಟು 3,400, ಅಂದರೆ 23%ಗಿಂತ ಕಡಿಮೆ. ಮೇಲೆ ಇನ್ನೊಂದು ಅಂತಸ್ತು, 25 ಅಡಿ ಎತ್ತರದ ಮಿತಿಯೊಳಗೆ. ಹಾಗಾಗಿ ಉಳಿದದ್ದು ಒಂದೇ ವೇರಿಯೆನ್ಸ್. ಬಿಲ್ಡರ್ ಮುಖ ಊದಿಸಿಕೊಂಡಿದ್ದಾನೆ, ಪರವಾಗಿಲ್ಲ.

ಲೇಕ್ ಕಡೆಗೆ 8 ಅಡಿ ಡೆಕ್ ಕೇಳೋಣ ಎಂದಿದ್ದೇವೆ, ಅದು 64ಕ್ಕೆ ಬರುತ್ತದೆ. ಭಟ್ಟರೇ, ಏನನ್ನುತ್ತೀರಿ?

ಸುಳ್ಯದ_ಭಟ್ಟ

ಪ್ಲಾನ್ ಚೆನ್ನಾಗಿದೆ. ಆ ಎರಡು ಹಾಳೆ ಅರ್ಜಿಯ ಮೊದಲಿಗೇ ಇಡಿ. "ಬೇರೆ ದಾರಿ ಇಲ್ವಾ?" ಎನ್ನುವುದು ಬೋರ್ಡ್ ಕೇಳೇ ಕೇಳುವ ಪ್ರಶ್ನೆ. 2008ರಲ್ಲಿ ಓಟರ್ ಟೇಲ್ ಕೌಂಟಿಯ ಕೇಸ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಪಟ್ಟಿಯಲ್ಲೂ ಅದಿದೆ. ನಿಮ್ಮ ಹತ್ತಿರ ಉತ್ತರ ಚಿತ್ರದಲ್ಲೇ ಇದೆ.

ಡೆಕ್ ಬಗ್ಗೆ ನನಗೆ ಅನುಮಾನ. ಮನೆಗೆ ಕಾರಣ ಮೌಂಡ್. ಡೆಕ್‌ಗೆ ಕಾರಣ ಏನು? ಸೂರ್ಯಾಸ್ತ. ಬೋರ್ಡ್‌ನವರೂ ಲೇಕ್ ಮೇಲೇ ಇರುತ್ತಾರೆ, ಸೂರ್ಯಾಸ್ತ ಅವರಿಗೂ ಇಷ್ಟ, ಆದರೆ ಅದು ಪ್ರಾಕ್ಟಿಕಲ್ ಡಿಫಿಕಲ್ಟಿ ಅಲ್ಲ.

ಮುಂದಿನದು ಹೀಗೆ ನಡೆಯುತ್ತದೆ. ಅರ್ಜಿ ಪೂರ್ತಿ ಇದ್ದರೆ ಕೌಂಟಿ 60 ದಿನದಲ್ಲಿ ತೀರ್ಮಾನ ಹೇಳಬೇಕು. ಬರೆದು ತಿಳಿಸಿ ಇನ್ನೊಂದು 60 ದಿನ ತೆಗೆದುಕೊಳ್ಳಬಹುದು. ಡಿಎನ್‌ಆರ್‌ಗೆ ಹಿಯರಿಂಗ್‌ಗೆ ಕನಿಷ್ಠ 10 ದಿನ ಮೊದಲು ನೋಟಿಸ್ ಹೋಗುತ್ತದೆ. ಅವರ ಹೈಡ್ರಾಲಜಿಸ್ಟ್ ಅಭಿಪ್ರಾಯ ಬರೆಯಬಹುದು. ತಡೆಯುವ ಅಧಿಕಾರ ಇಲ್ಲ, ಆದರೆ ಬೋರ್ಡ್ ಅದನ್ನು ಓದುತ್ತದೆ. ಸುತ್ತಲಿನವರಿಗೂ ಪತ್ರ ಹೋಗುತ್ತದೆ. ಪತ್ರ ಹೋಗುವ ಮೊದಲು ನೀವೇ ಬಾಗಿಲು ತಟ್ಟಿ ಪ್ಲಾನ್ ತೋರಿಸಿ ಬನ್ನಿ. ಸ್ವಲ್ಪ ಚಕ್ಕುಲಿ ಒಯ್ದರೆ ಇನ್ನೂ ಒಳ್ಳೆಯದು. ಮನೆಯ ನಾಲ್ಕೂ ಮೂಲೆಗೆ ಗೂಟ ಹೊಡೆಸಿ ಬಣ್ಣದ ಪಟ್ಟಿ ಕಟ್ಟಿಸಿ. ಬೋರ್ಡ್‌ನವರು ಹಿಯರಿಂಗ್‌ಗೆ ಮೊದಲು ಜಾಗ ನೋಡಲು ಬರುತ್ತಾರೆ.

ಲಾಯರ್ ಈ ಹಂತಕ್ಕೆ ಬೇಡ. ಸರ್ವೆಯರ್ ಮತ್ತು ಸೆಪ್ಟಿಕ್ ಡಿಸೈನರ್ ಹಿಯರಿಂಗ್‌ಗೆ ಬಂದರೆ ಸಾಕು.

ದಡದಮನೆ

ಎಲ್ಲರಿಗೂ ಒಂದು ಅಪ್‌ಡೇಟ್. ನಿನ್ನೆ ಹಿಯರಿಂಗ್ ಆಯಿತು. ಸಿಕ್ಕಿತು!

ಕೌಂಟಿ ಆಫೀಸಿನ ಒಂದು ಸಣ್ಣ ಹಾಲ್, ಐದು ಜನ ಬೋರ್ಡ್. ನಮಗಿಂತ ಮೊದಲು ಒಬ್ಬರ ಶೆಡ್ ವಿಷಯ ತುಂಬಾ ಹೊತ್ತು ಎಳೆಯಿತು. ನಮ್ಮ ಸರದಿ ಬಂದಾಗ ಸ್ಟಾಫ್ ವರದಿ ಓದಿದರು. ಬಲಗಡೆ ಮನೆಯವರು ಬೆಂಬಲದ ಪತ್ರ ಕೊಟ್ಟಿದ್ದರು. ಇನ್ನೊಬ್ಬರದ್ದು ವಿರೋಧ: ಎರಡು ಅಂತಸ್ತು ಆದರೆ ನೀರಿನಿಂದ ನೋಡುವಾಗ ಮರಗಳ ಮೇಲೆ ಮನೆ ಎದ್ದು ಕಾಣುತ್ತದೆ ಅಂತ. ಡಿಎನ್‌ಆರ್ ಪತ್ರದಲ್ಲಿ ದಡದ ಗಿಡಗಳನ್ನು ಉಳಿಸಿ, ಚಾವಣಿ ನೀರಿಗೆ ವ್ಯವಸ್ಥೆ ಮಾಡಿಸಿ ಎಂದಿತ್ತು.

ಒಬ್ಬ ಸದಸ್ಯರು, ವಯಸ್ಸಾದವರು, ನೇರವಾಗಿ ಕೇಳಿದರು: "72 ಯಾಕೆ? 80 ಯಾಕಾಗಲ್ಲ?" ಸೆಪ್ಟಿಕ್ ಡಿಸೈನರ್ ಎದ್ದು ಹಾಳೆ ತೋರಿಸಿ, 80ಕ್ಕೆ ಹೋದರೆ ಮೌಂಡಿನ ಕೆಳ ಅಂಚು ಡ್ರೈವ್‌ವೇ ಮೇಲೆ ಬರುತ್ತದೆ ಎಂದು ಪೆನ್ಸಿಲ್‌ನಲ್ಲಿ ಗೆರೆ ಎಳೆದು ತೋರಿಸಿದರು. ಅವರು ಕನ್ನಡಕ ಏರಿಸಿ ಆ ಗೆರೆಯನ್ನೇ ಸ್ವಲ್ಪ ಹೊತ್ತು ನೋಡಿದರು. ಮತ್ತೆ ಆ ಪ್ರಶ್ನೆ ಬರಲಿಲ್ಲ.

ಡೆಕ್ ಹೋಯಿತು, ಭಟ್ಟರು ಹೇಳಿದ ಹಾಗೇ. ಕಟ್ಟಡದ ಯಾವ ಭಾಗವೂ 72 ದಾಟಬಾರದು ಎಂದರು. ಬೇಕಾದರೆ ಮನೆಯ ಮುಂಭಾಗವನ್ನು ಸ್ವಲ್ಪ ಒಳಗೆ ತೆಗೆದುಕೊಂಡು ಆ ಜಾಗದಲ್ಲಿ ಮಾಡಿಕೊಳ್ಳಿ ಅಂತ. ಊಟದ ಕೋಣೆ ಚಿಕ್ಕದಾಗುತ್ತದೆ, ಯೋಚನೆ ಮಾಡುತ್ತಿದ್ದೇವೆ.

ಷರತ್ತುಗಳು: ಹಳೇ ಕ್ಯಾಬಿನ್ ಮತ್ತು ಹಳೇ ಟ್ಯಾಂಕ್ ಪೂರ್ತಿ ತೆಗೆಯಬೇಕು. ಚಾವಣಿ ನೀರೆಲ್ಲ ಗಟರ್‌ನಿಂದ ಒಂದು ರೇನ್ ಗಾರ್ಡನ್‌ಗೆ (ಮಳೆನೀರು ಇಂಗಿಸುವ ಗಿಡಗಳ ತಗ್ಗು) ಹೋಗಬೇಕು. ದಡದುದ್ದಕ್ಕೂ ಸ್ಥಳೀಯ ಗಿಡ ನೆಡಬೇಕು, ನೀರಿಗೆ ಇಳಿಯಲು 4 ಅಡಿ ಅಗಲದ ದಾರಿ ಮಾತ್ರ. ಪಾಯ ಹಾಕಿದ ಮೇಲೆ ಮತ್ತೊಮ್ಮೆ ಸರ್ವೆ ಮಾಡಿಸಿ ಕೊಡಬೇಕು.

ಎದುರು_ದಡ

ಅಭಿನಂದನೆಗಳು. ದಡಕ್ಕೆ ಬ್ಲೂ ಫ್ಲ್ಯಾಗ್ ಐರಿಸ್, ಸ್ವಾಂಪ್ ಮಿಲ್ಕ್‌ವೀಡ್ ಹಾಕಿ, ಎರಡೂ ಇಲ್ಲಿನವೇ. ಹೂ ಬಿಡುತ್ತವೆ, ಬೇರು ಮಣ್ಣು ಹಿಡಿಯುತ್ತದೆ, ಚಿಟ್ಟೆನೂ ಬರುತ್ತವೆ. ಮೊದಲ ಬೇಸಿಗೆ ಕಳೆ ಥರ ಕಾಣುತ್ತದೆ, ಹೆದರಿ ಕಿತ್ತುಹಾಕಬೇಡಿ.

ಸುಳ್ಯದ_ಭಟ್ಟ

ಬಹಳ ಸಂತೋಷ ಮೇಡಂ. ಷರತ್ತುಗಳೆಲ್ಲ ನ್ಯಾಯವಾಗಿವೆ. ವೇರಿಯೆನ್ಸ್‌ನಿಂದ ಆಗುವ ಪರಿಣಾಮಕ್ಕೆ ಸಂಬಂಧ ಇರುವ, ಅದಕ್ಕೆ ತಕ್ಕಷ್ಟೇ ಇರುವ ಷರತ್ತು ಮಾತ್ರ ಹಾಕಬಹುದು ಎಂದು ಕಾನೂನಿದೆ. ಇವೆಲ್ಲ ಅದರೊಳಗೇ ಬರುತ್ತವೆ.

ಎರಡು ಕೆಲಸ. ತೀರ್ಮಾನದ ಪ್ರತಿ ಕೌಂಟಿ ರೆಕಾರ್ಡರ್ ಹತ್ತಿರ ದಾಖಲಾಗಿದೆಯಾ ನೋಡಿಕೊಳ್ಳಿ. ಇನ್ನೊಂದು, ತೀರ್ಮಾನದ ನೋಟಿಸ್ ಸಿಕ್ಕಿದ 30 ದಿನದೊಳಗೆ ಅದರಿಂದ ಬಾಧಿತರಾದವರು ಜಿಲ್ಲಾ ಕೋರ್ಟ್‌ಗೆ ಹೋಗಬಹುದು. ವಿರೋಧ ಬರೆದವರೊಬ್ಬರು ಇದ್ದಾರಲ್ಲ. ಆ ಅವಧಿ ಮುಗಿಯುವವರೆಗೆ ಬಿಲ್ಡರ್ ಕೈಗೆ ಮುಂಗಡ ಕೊಡಬೇಡಿ, ಮರ ಕಡಿಸಬೇಡಿ.

ಕಾಫಿಪುಡಿ

ಪೂರ್ತಿ ಓದಿದೆ. ಮೊದಲು ಹಾಕಿದ ಕಾಮೆಂಟ್ ಹಾಗೇ ಇರಲಿ. ದೋಣಿ ಕಟ್ಟೋಕೆ ನೀರಿನೊಳಗೆ ಡಾಕ್ ಹಾಕೋಕೂ ಇಷ್ಟೆಲ್ಲ ಇದೆಯಾ?

ಗೂಟ_ಹಗ್ಗ

ಇಲ್ಲ ಸಾರ್. ಮನೆಗೆ ಒಂದು ಡಾಕ್, 8 ಅಡಿಗಿಂತ ಅಗಲ ಇಲ್ಲದೆ, ದೋಣಿ ನಿಲ್ಲುವಷ್ಟು ಆಳಕ್ಕೆ ಮುಟ್ಟುವಷ್ಟೇ ಉದ್ದ ಇದ್ದರೆ ಡಿಎನ್‌ಆರ್ ಪರ್ಮಿಟ್ ಬೇಡ. ಸ್ಥಳೀಯ ನಿಯಮ ಏನಾದರೂ ಇದೆಯಾ ಕೌಂಟಿಗೆ ಒಂದು ಫೋನ್ ಮಾಡಿ ಕೇಳಿ. ಐಸ್ ಕಟ್ಟುವ ಮೊದಲು ಎಳೆದು ದಡಕ್ಕೆ ಹಾಕಿ, ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಪಕ್ಕದವರ ಅಂಗಳದಲ್ಲಿ ಹುಡುಕಬೇಕಾಗುತ್ತದೆ.